ಹೂಜಿಗೆ ಬೆಲೆ ತಂದ ಬರಹ

ಅಮೆರಿಕದ ಹರಾಜುಕಟ್ಟೆಗೆ ಹಳೆಯ ವಿಸ್ಕಿ ಹೂಜಿಯೊಂದು ಬಂದರೆ, ಅದರಲ್ಲಿ ಎಂಥ ವಿಸ್ಕಿ ಇತ್ತೆಂದು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಮೈಮೇಲೆ ಏನು ಬರೆದಿದೆ, ಹಿಡಿ ಗಟ್ಟಿಯಾಗಿದೆಯೇ, ತಳದಲ್ಲಿ ತೂತಿದೆಯೇ ಎಂಬುದಷ್ಟೇ ವಿಚಾರಣೆ. ಮದ್ಯ ಮುಗಿದ ಮೇಲೆ ವಿನೆಗರೋ ಕಾಕಂಬಿಯೋ ತುಂಬಿಸಿಕೊಂಡು ಮೂಲೆ ಸೇರುತ್ತಿದ್ದ ಈ ಪಾತ್ರೆ ಸಂಗ್ರಾಹಕರ ಕಪಾಟಿಗೇರಿದ್ದು 20ನೇ ಶತಮಾನದಲ್ಲಿ.

ಸ್ಟೋನ್‌ವೇರ್ ಎಂದರೆ ಸುಮಾರು 1200 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲಾದ ಬಿಸಿಯಲ್ಲಿ ಬೆಂದು, ನೀರು ಜಿನುಗದಷ್ಟು ಬಿಗಿಯಾದ ಮಣ್ಣು. ಆವಿಗೆ ನಿಗಿನಿಗಿ ಉರಿಯುವಾಗ ಉಪ್ಪು ಎರಚಿದರೆ ಅದರ ಸೋಡಿಯಂ ಆವಿ ಮಣ್ಣಿನ ಸಿಲಿಕಾದೊಡನೆ ಬೆರೆತು ಗಾಜಿನ ಪದರವಾಗುತ್ತದೆ. ಬೆರಳಾಡಿಸಿದರೆ ಸಣ್ಣ ಸಣ್ಣ ಕುಳಿಗಳು ಸಿಗುತ್ತವೆ. ಜರ್ಮನಿಯ ರೈನ್ ನದಿ ಸೀಮೆಯ ಕುಂಬಾರರ ಈ ವಿದ್ಯೆಗೆ ಇಂಗ್ಲೆಂಡಿನಲ್ಲಿ ಜಾನ್ ಡ್ವೈಟ್ 1672ರಲ್ಲಿ ಪೇಟೆಂಟ್ ಪಡೆದ. 18ನೇ ಶತಮಾನದಲ್ಲಿ ಕ್ರೋಲಿಯಸ್, ರೆಮ್ಮಿ ಎಂಬ ಜರ್ಮನ್ ಮೂಲದ ಮನೆತನಗಳು ಅದನ್ನು ನ್ಯೂಯಾರ್ಕಿನಲ್ಲಿ ನೆಲೆಯೂರಿಸಿದವು. 1825ರಲ್ಲಿ ಈರಿ ಕಾಲುವೆ ತೆರೆದ ಮೇಲೆ ಮಣ್ಣೂ ಮಡಕೆಯೂ ದೋಣಿ ಏರಿ ಒಳನಾಡು ತಲುಪಿದವು.

ಆಕಾರ ನೋಡಿಯೇ ಕಾಲ ಅಂದಾಜಿಸಬಹುದು. ಮೊದಲಿನವು ಭುಜ ತುಂಬಿಕೊಂಡು ತಳಕ್ಕೆ ಕಿರಿದಾಗುವ ಹೂಜಿಗಳು; ಕೋಬಾಲ್ಟ್ ನೀಲಿಯಲ್ಲಿ ಕೈಯಾರೆ ಬಿಡಿಸಿದ ಹೂವೋ ಹಕ್ಕಿಯೋ ಅವುಗಳ ಅಲಂಕಾರ. ಆಮೇಲಿನವು ನೆಟ್ಟಗಿನ ಗೋಡೆಯವು. 19ನೇ ಶತಮಾನದ ಕೊನೆಗೆ ಬಂದವಕ್ಕೆ ಕಂದು ಭುಜ, ಬಿಳಿ ಮೈ. ನಮ್ಮ ಉಪ್ಪಿನಕಾಯಿ ಜಾಡಿಯದೇ ಬಣ್ಣಗಾರಿಕೆ. ಕಂದು ಬಣ್ಣ ಹಡ್ಸನ್ ನದಿ ದಂಡೆಯ ಆಲ್ಬನಿ ಮಣ್ಣಿನದು, ಬಿಳುಪು ಬ್ರಿಸ್ಟಲ್ ಮೆರುಗಿನದು. ಆ ಬಿಳಿ ಮೈಮೇಲೆ ವಿಸ್ಕಿ ವ್ಯಾಪಾರಿ ತನ್ನ ಹೆಸರು, ಊರು ಅಚ್ಚೊತ್ತಿಸುತ್ತಿದ್ದ. ಪೀಪಾಯಿಗಟ್ಟಲೆ ಕೊಂಡು ಹೂಜಿಗೆ ಇಳಿಸಿ ಮಾರುವವನಿಗೆ ಅದೇ ಜಾಹೀರಾತು.

ಬ್ರಿಟನ್ನಿನಲ್ಲಿ ದಾರಿ ಬೇರೆ. ಲ್ಯಾಂಬೆತ್‌ನ ಡೌಲ್ಟನ್ ಅಂಡ್ ವಾಟ್ಸ್‌ನಂಥ ಕಾರ್ಖಾನೆಗಳು ಮದ್ಯದಂಗಡಿಗಳಿಗಾಗಿ ಪೀಪಾಯಿ ಆಕಾರದ ಡಿಸ್ಪೆನ್ಸರ್‌ಗಳನ್ನು ತಯಾರಿಸಿದವು. ಮೈಮೇಲೆ ಉಬ್ಬುಚಿತ್ತಾರ, ಹಲವುಗಳಲ್ಲಿ ರಾಜಲಾಂಛನ; ಬುಡದಲ್ಲಿ ನಲ್ಲಿಗೊಂದು ರಂಧ್ರ.

ಅಮೆರಿಕದ ಹೂಜಿ ಉದ್ಯಮಕ್ಕೆ ಹೊಡೆತ ಕೊಟ್ಟಿದ್ದು ಗಾಜು ಮತ್ತು ಕಾನೂನು. 1903ರಲ್ಲಿ ಮೈಕೆಲ್ ಓವೆನ್ಸ್‌ನ ಸ್ವಯಂಚಾಲಿತ ಬಾಟಲಿ ಯಂತ್ರ ಬಂತು. 1920ರ ಜನವರಿಯಲ್ಲಿ ಅಮೆರಿಕದಾದ್ಯಂತ ಪಾನನಿಷೇಧ. 1933ರಲ್ಲಿ ನಿಷೇಧ ತೆರವಾದಾಗ ಗಾಜಿನ ಬಾಟಲಿಯೇ ರೂಢಿಯಾಗಿತ್ತು. ಹೀಗಾಗಿ ವಿಸ್ಕಿ ವ್ಯಾಪಾರಿಯ ಹೆಸರಿದ್ದರೆ ಹೂಜಿ ಬಹುತೇಕ ನಿಷೇಧಕ್ಕೆ ಮೊದಲಿನದು.

ಸಂಗ್ರಹದ ಹವ್ಯಾಸ ಬೆಳೆದದ್ದೂ ಹಂತಹಂತವಾಗಿಯೇ. 1926ರಲ್ಲಿ ಜಾನ್ ಸ್ಪಾರ್ಗೊ ವರ್ಮಾಂಟ್‌ನ ಬೆನ್ನಿಂಗ್ಟನ್ ಕುಂಬಾರಿಕೆಯ ಬಗ್ಗೆ ಪುಸ್ತಕ ಬರೆದಾಗ, ತಯಾರಿಸಿದವರು ಯಾರು ಎಂಬುದೇ ಮುಖ್ಯ ಪ್ರಶ್ನೆ. ಡೊನಾಲ್ಡ್ ವೆಬ್‌ಸ್ಟರ್‌ನ 1971ರ ಗ್ರಂಥ ನೀಲಿ ಚಿತ್ತಾರಗಳನ್ನು ಜಾನಪದ ಕಲೆಯಾಗಿ ಮುಂದಿಟ್ಟಿತು. ಜಾರ್ಜಿಯಾನಾ ಗ್ರೀರ್ 1981ರಲ್ಲಿ ಮಣ್ಣು, ಮೆರುಗು, ಆವಿಗೆಗಳನ್ನೇ ಬಿಡಿಸಿ ನೋಡಿದರು. ಅತ್ತ ಬಾಟಲಿ ಸಂಗ್ರಾಹಕರು 1959ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಸಂಘ ಕಟ್ಟಿದ್ದರು. ಮಿನೆಸೋಟದ ರೆಡ್ ವಿಂಗ್ ಪಾತ್ರೆಗಳ ಅಭಿಮಾನಿಗಳು 1977ರಲ್ಲಿ ಒಂದಾದರು. ಇವರಲ್ಲಿ ಅನೇಕರಿಗೆ ಕುಂಬಾರನ ಹೆಸರಿಗಿಂತ ತಮ್ಮೂರಿನ ಅಂಗಡಿಯ ಹೆಸರೇ ದೊಡ್ಡದು.

ಬರಹದ ತೂಕವನ್ನು ಎಲ್ಲರಿಗಿಂತ ಹೆಚ್ಚಾಗಿ ತೋರಿಸಿಕೊಟ್ಟವನು ದಕ್ಷಿಣ ಕೆರೊಲಿನಾದ ಎಜ್‌ಫೀಲ್ಡ್‌ನ ಗುಲಾಮ ಕುಂಬಾರ ಡೇವಿಡ್ ಡ್ರೇಕ್. ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವೆಂದು ಆ ರಾಜ್ಯ 1834ರಲ್ಲಿ ಕಾನೂನು ಮಾಡಿತ್ತು. ಆದರೂ ಆತ ಹಸಿ ಮಣ್ಣಿನ ಮೇಲೆ ಸಹಿ, ತಾರೀಖು, ದ್ವಿಪದಿಗಳನ್ನು ಕೊರೆದ. 1858ರ ಅವನ 25 ಗ್ಯಾಲನ್ ಜಾಡಿ, ವಿಸ್ಕಿಯದಲ್ಲದಿದ್ದರೂ, 2021ರ ಹರಾಜಿನಲ್ಲಿ 15.6 ಲಕ್ಷ ಡಾಲರ್‌ಗೆ ಕ್ರಿಸ್ಟಲ್ ಬ್ರಿಡ್ಜಸ್ ಮ್ಯೂಸಿಯಂ ಪಾಲಾಯಿತು.

ಬೆಲೆ ಬಂದಲ್ಲಿ ನಕಲಿಯೂ ಬರುತ್ತದೆ. ನಿಜವಾಗಿ ಹಳೆಯದಾದ ಸಾದಾ ಹೂಜಿಗೆ ಹೊಸದಾಗಿ ನೀಲಿ ಬಳಿದು ಮತ್ತೆ ಸುಡುವವರಿದ್ದಾರೆ. ಒಡೆದ ಕಂಠಕ್ಕೆ ತೇಪೆ ಹಾಕಿದ್ದರೆ ಅದು ನೇರಳಾತೀತ ಬೆಳಕಿನಲ್ಲಿ ಬೇರೆಯಾಗಿ ಹೊಳೆಯುವುದುಂಟು. ಟೇಬಲ್ ಲ್ಯಾಂಪ್ ಮಾಡಲು ತಂತಿಗೆ ತೂತು ಕೊರೆಸಿಕೊಂಡ ಹೂಜಿಗಳಂತೂ ಬೆಲೆ ಕಳೆದುಕೊಂಡಿವೆ. ಕೊಳ್ಳುವವರು ಹೂಜಿಯನ್ನು ಮಗುಚಿ ನೋಡದೆ ದುಡ್ಡು ಎಣಿಸಬಾರದು. ಹೊಸಬರಿಗೆ ಕೈಪಳಗಿಸಿಕೊಳ್ಳಲು ಹೆಸರಿಲ್ಲದ ಸಾದಾ ಕಂದು ಹೂಜಿಯೇ ಸೂಕ್ತ. ಬರಹವಿಲ್ಲದ್ದರಿಂದ ಅದು ಇಂದಿಗೂ ಅಗ್ಗ.