ಕೆಲಸ, ಕರ್ಮ, ಕಾಯಕ

ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನಲ್ಲಿ ಹುಡಗಿ ಎಂಬ ಗ್ರಾಮವಿರುವುದು ಈ ಭಾಗದ ಭಕ್ತರೆಲ್ಲರಿಗೂ ತಿಳಿದ ಸಂಗತಿ. ದೂರದ ವಾಚಕರು ಈ ಹೆಸರನ್ನು ಮೊದಲ ಸಲ ಕಂಡಾಗ ಮುಗುಳ್ನಗುವುದುಂಟು. ಏಕೆಂದರೆ ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಬಾಲಿಕೆಗೂ ಇದೇ ಶಬ್ದ. ಆದರೆ ‘ನಾಳೆ ಹುಡಗಿಗೆ ಹೋಗಬೇಕು’ ಎಂದು ರೈತನೊಬ್ಬನು ನುಡಿದರೆ ಕೇಳಿದವರಾರೂ ಗೊಂದಲಕ್ಕೆ ಈಡಾಗರು. ಸಂದರ್ಭವೇ ಅರ್ಥವನ್ನು ಆರಿಸಿಕೊಡುತ್ತದೆ. ಒಂದೇ ಭಾಷೆಯೊಳಗೆ ಬದುಕುವವರಿಗೆ ಇಷ್ಟು ಸಹಜವಾದ ಈ ಆಯ್ಕೆ ಎರಡು ಭಾಷೆಗಳ ನಡುವೆ ನಿಂತವರಿಗೆ ಕಠಿಣವಾಗುತ್ತದೆ. ಅದರ ಉದಾಹರಣೆಯಾಗಿ ಇಂಗ್ಲಿಷಿನ ‘ವರ್ಕ್’ ಎಂಬ ಅತಿ ಸಾಮಾನ್ಯವಾದ ಶಬ್ದವೊಂದನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಳ್ಳೋಣ. ಮಠದ ಪ್ರಸಾದನಿಲಯಗಳಲ್ಲಿ ಓದಿ ಇಂದು ದೇಶವಿದೇಶಗಳಲ್ಲಿ ನೆಲೆಸಿ, ಶರಣರ ಮಾತುಗಳನ್ನು ಮಕ್ಕಳಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಬೇಕಾಗಿ ಬಂದಿರುವ ಹಳೆಯ ವಿದ್ಯಾರ್ಥಿಗಳಿಗೆ ಈ ವಿಚಾರ ಉಪಯುಕ್ತವಾದೀತೆಂದು ನಮ್ಮ ಭಾವನೆ.

ಕಚೇರಿಯ ಗುಮಾಸ್ತನು ಮಾಡುವುದೂ ವರ್ಕ್, ಹೊಲದಲ್ಲಿ ಕೂಲಿಯಾಳು ಮಾಡುವುದೂ ವರ್ಕ್, ಕವಿಯು ಬರೆದ ಗ್ರಂಥವೂ ವರ್ಕ್. ಕನ್ನಡವು ಇವನ್ನೆಲ್ಲ ಒಂದೇ ಚೀಲದಲ್ಲಿ ತುಂಬಲಿಲ್ಲ. ಗ್ರಂಥಕ್ಕೆ ‘ಕೃತಿ’ ಎಂದಿತು. ಸರಕಾರದ ‘ಪಬ್ಲಿಕ್ ವರ್ಕ್ಸ್’ ಇಲಾಖೆಗೆ ‘ಲೋಕೋಪಯೋಗಿ’ ಎಂಬ ಹೆಸರನ್ನಿಟ್ಟಿತು. ಅಲ್ಲಿ ಕೆಲಸವೆಂಬ ಪದವೇ ಮರೆಯಾಗಿ, ಅದರ ಉದ್ದೇಶವು ಮುಂದೆ ಬಂದುದನ್ನು ಗಮನಿಸಿರಿ. ಕನ್ನಡ ಬೈಬಲಿನಲ್ಲಿ ನಂಬಿಕೆಯ ಜೊತೆಗೆ ಬರುವ ವರ್ಕ್‌ಗೆ ‘ಕ್ರಿಯೆ’ ಎಂಬ ಪದವು ನೆಲೆಗೊಂಡಿದೆ. ಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲಿ ಅದು ‘ಕೆಲಸ’. ಬಲ ಪ್ರಯೋಗಿಸಿದಾಗ ವಸ್ತುವು ಸ್ಥಾನಪಲ್ಲಟ ಹೊಂದಿದರೆ ಮಾತ್ರ ಕೆಲಸ ನಡೆಯಿತೆಂದು ಲೆಕ್ಕ. ತಲೆಯ ಮೇಲೆ ಮೂಟೆ ಹೊತ್ತು ನಿಂತಲ್ಲೇ ನಿಂತ ಹಮಾಲನು ಆ ಮೂಟೆಯ ಮೇಲೆ ಯಾವ ಕೆಲಸವನ್ನೂ ಮಾಡಲಿಲ್ಲವೆಂದು ಆ ಶಾಸ್ತ್ರ ಹೇಳುತ್ತದೆ. ಆದರೆ ಅವನ ದುಡಿಮೆಯನ್ನು ಅಲ್ಲಗಳೆಯುವವರು ಯಾರು?

ಇಂತಹ ಸಮಾನಾರ್ಥಕಗಳನ್ನು ಕಲೆಹಾಕುವ ಯತ್ನ ನಮ್ಮಲ್ಲಿ ಹಳೆಯದು. ಬಳ್ಳಾರಿಯ ಲಂಡನ್ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು ೧೮೨೪ರಲ್ಲಿ ಬೆಳಕು ಕಂಡಿತು. ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ೧೯೪೬ರಲ್ಲಿ ಪ್ರಕಟವಾಯಿತು. ಈ ಮಹನೀಯರ ಉಪಕಾರ ದೊಡ್ಡದು. ಆದರೂ ನಿಘಂಟು ಪದಗಳನ್ನು ಸಾಲಾಗಿ ನಿಲ್ಲಿಸಬಲ್ಲದು. ಆ ಸಾಲಿನಿಂದ ಒಂದನ್ನು ಕರೆದುಕೊಳ್ಳುವ ಹೊಣೆ ಬರೆಯುವವನದು.

ಬೀದರ ಸೀಮೆಯಲ್ಲಿ ಈ ಸಾಲು ಮತ್ತಷ್ಟು ಉದ್ದವಾದುದಕ್ಕೆ ಚರಿತ್ರೆಯೇ ಕಾರಣ. ೧೯೪೮ರ ಸೆಪ್ಟೆಂಬರದವರೆಗೆ ಈ ಭಾಗವು ಹೈದರಾಬಾದ ಸಂಸ್ಥಾನದಲ್ಲಿತ್ತು. ಉರ್ದು ಆಡಳಿತದ ನುಡಿಯಾಗಿತ್ತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನೇ ಉಚ್ಚಶಿಕ್ಷಣದ ಮಾಧ್ಯಮವನ್ನಾಗಿ ಮಾಡಿಕೊಂಡಿತು. ಇಂಗ್ಲಿಷ್ ಗ್ರಂಥಗಳನ್ನು ಭಾಷಾಂತರಿಸಲು ‘ದಾರುಲ್ ತರ್ಜುಮಾ’ ಎಂಬ ವಿಭಾಗವಿದ್ದಿತು. ಅಲ್ಲಿನ ವಿದ್ವಾಂಸರು ಒಂದೊಂದು ಇಂಗ್ಲಿಷ್ ಪದಕ್ಕೂ ತಕ್ಕ ಉರ್ದು ಪದವನ್ನು ತೂಗಿ ನೋಡುತ್ತಿದ್ದರು. ಕನ್ನಡಕ್ಕೆ ಅಂತಹ ಆಶ್ರಯವಿರಲಿಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಈ ನಾಡು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ೧೯೫೬ರ ನವೆಂಬರ ೧ರಂದು ಬೀದರ ವಿಶಾಲ ಮೈಸೂರನ್ನು ಸೇರಿತು. ಆದರೆ ಆಡಳಿತ ಬದಲಾದ ದಿನವೇ ಜನರ ನಾಲಿಗೆ ಬದಲಾಗುವುದಿಲ್ಲ. ಉರ್ದು ಮರಾಠಿಗಳ ನೆರೆಯಿಂದ ಬಂದ ನೌಕರಿ, ಚಾಕರಿ, ಧಂದೆ, ಮಜೂರಿ, ಕಾಮಗಾರಿಗಳು ಕೆಲಸ, ದುಡಿಮೆ, ಊಳಿಗಗಳೊಡನೆ ಕೂಡಿ ಬಾಳುತ್ತಿವೆ.

ಈ ಪದಗಳು ಒಂದೇ ಅರ್ಥದವೆಂದು ತೋರಿದರೂ ಒಂದರ ಸ್ಥಾನದಲ್ಲಿ ಇನ್ನೊಂದು ಕುಳಿತುಕೊಳ್ಳದು. ಇವನ್ನು ಬೇರ್ಪಡಿಸಲು ಕೇಳಬೇಕಾದ ಪ್ರಶ್ನೆ ಒಂದೇ: ಬೆವರು ಯಾರದು, ಫಲ ಯಾರದು? ಬೆವರಿಗೆ ತಿಂಗಳ ಸಂಬಳ ಗೊತ್ತಾಗಿದ್ದರೆ ನೌಕರಿ. ದಿನದ ಲೆಕ್ಕವಾದರೆ ಕೂಲಿ. ಒಡೆಯನೊಬ್ಬನ ಅಧೀನದಲ್ಲಿ ನಡೆದರೆ ಊಳಿಗ. ಇಂದು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ ಎಂದಾದರೆ ಮುಯ್ಯಾಳು. ಬೆವರು ಒಬ್ಬನದು, ಫಲವೆಲ್ಲ ಮತ್ತೊಬ್ಬನದು ಎಂದಾದಾಗ ಅದು ಬಿಟ್ಟಿ; ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಪದವು ನಮ್ಮ ಪ್ರಾಚೀನ ಶಾಸನಗಳಲ್ಲಿಯೂ ಕಾಣಸಿಗುತ್ತದೆ. ‘ಜೀತ’ ಎಂಬ ಪದದ ಕಥೆ ಮತ್ತೂ ಮರುಕ ಹುಟ್ಟಿಸುವಂತಹದು. ಅದು ‘ಜೀವಿತ’ದ ತದ್ಭವ, ಹಿಂದೆ ಅದಕ್ಕೆ ವೇತನವೆಂಬ ಗೌರವದ ಅರ್ಥವಿತ್ತು. ಬರಬರುತ್ತ ಅದು ಸಾಲಕ್ಕೆ ಮೈಯನ್ನು ಒತ್ತೆಯಿಟ್ಟ ದುಡಿಮೆಯ ಹೆಸರಾಯಿತು. ೧೯೭೬ರ ಕಾಯಿದೆಯು ಜೀತಪದ್ಧತಿಯನ್ನು ರದ್ದುಗೊಳಿಸಿತು. ಪದವು ಕೆಡುವುದು ತಾನಾಗಿ ಅಲ್ಲ. ಅದರ ಹಿಂದಿನ ವ್ಯವಹಾರ ಕೆಟ್ಟಾಗ ಪದವೂ ಕೆಡುತ್ತದೆ.

ಈಗ ಕರ್ಮ ಮತ್ತು ಕಾಯಕಗಳ ಕಡೆಗೆ ತಿರುಗೋಣ. ಇವೆರಡರ ಚರಿತ್ರೆಯೂ ನಮ್ಮ ಕಲ್ಯಾಣದಲ್ಲಿ ಸಂಧಿಸುತ್ತದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಇದೇ ಕಲ್ಯಾಣದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯಲ್ಲಿ ಯಾವ ವರ್ಣದವನಿಗೆ ಯಾವ ಕರ್ಮವೆಂಬುದು ಹುಟ್ಟಿನಿಂದಲೇ ಹಂಚಿಕೆಯಾಗಿದೆ. ಸುಮಾರು ಅರ್ಧ ಶತಮಾನ ಕಳೆಯುವಷ್ಟರಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಅದೇ ಪಟ್ಟಣದಲ್ಲಿ ಬೇರೊಂದು ಶಬ್ದವು ಮೊಳಗಿತು. ‘ಕಾಯ’ ಎಂದರೆ ದೇಹ. ಕಾಯಿಕ, ವಾಚಿಕ, ಮಾನಸಿಕ ಎಂಬ ಹಳೆಯ ವಿಂಗಡಣೆಯಲ್ಲಿ ಮೈಗೆ ಸಂಬಂಧಿಸಿದುದೆಂಬ ಅರ್ಥವಷ್ಟೇ ಇದ್ದ ಶಬ್ದವನ್ನು ಶರಣರು ಎತ್ತಿಕೊಂಡು, ಮೈಮುರಿದು ದುಡಿಯುವುದನ್ನೇ ಪೂಜೆಯ ಪದವಿಗೆ ಏರಿಸಿದರು. ಕರ್ಮವು ಜನರ ಬಾಯಲ್ಲಿ ಹಣೆಬರಹವಾಗಿ ಉಳಿಯಿತು. ‘ಅಯ್ಯೋ, ನನ್ನ ಕರ್ಮ’ ಎಂದು ನಿಟ್ಟುಸಿರಿಡುವವರುಂಟು, ‘ಅಯ್ಯೋ, ನನ್ನ ಕಾಯಕ’ ಎಂದವರಿಲ್ಲ.

ಆದರೆ ಈ ಪದಕ್ಕೆ ಶರಣರು ಕಟ್ಟುಪಾಡುಗಳನ್ನು ಹಾಕಿದ್ದರು. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದರೆಂದೂ, ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಕಳುಹಿದರೆಂದೂ ಪರಂಪರೆ ಹೇಳುತ್ತದೆ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ನಡೆಸಿದವರು. ಅವರ ಗವಿಯನ್ನು ಬಸವಕಲ್ಯಾಣದಲ್ಲಿ ಇಂದೂ ಕಾಣಬಹುದು. ಈ ಪ್ರಸಂಗಗಳಿಂದ ತಿಳಿಯುವುದಿಷ್ಟು: ಸ್ವಂತ ಬೆವರು ಇರಬೇಕು, ಸತ್ಯಶುದ್ಧವಾಗಿರಬೇಕು, ಅಗತ್ಯಕ್ಕೆ ಮೀರಿದ ಆಸೆ ಇರಕೂಡದು, ಫಲವು ದಾಸೋಹಕ್ಕೆ ಸಲ್ಲಬೇಕು. ಅದರಲ್ಲಿ ಮೇಲು ಕೀಳುಗಳಿಲ್ಲ. ಮಾಡಿಸುವವನೊಬ್ಬ, ಮಾಡುವವನೊಬ್ಬ ಎಂಬ ಭೇದವೂ ಇಲ್ಲ.

ಬೆಂಗಳೂರಿನ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ೧೯೫೬ರಲ್ಲಿ ಪೂರ್ಣಗೊಂಡ ಆ ಭವನದ ಮೇಲೆ ‘ಕೆಲಸ’ ಎಂಬ ಸಾದಾ ಪದವನ್ನು ಆರಿಸಿದುದು ಯುಕ್ತವೆಂದೇ ನಮ್ಮ ಅಭಿಪ್ರಾಯ. ಸಂಬಳ ಪಡೆದು ಮಾಡುವುದನ್ನು ಅಲ್ಲಿ ಪ್ರಾಮಾಣಿಕವಾಗಿ ಕೆಲಸವೆಂದೇ ಕರೆದಿದೆ. ಇತ್ತೀಚೆಗೆ ಕಾಯಕ ಶಬ್ದವು ಎಲ್ಲೆಡೆ ಹರಡುತ್ತಿದೆ. ೨೦೦೫ರ ಉದ್ಯೋಗ ಖಾತರಿ ಕಾಯಿದೆಯಡಿ ಕೂಲಿಕಾರರ ಗುಂಪನ್ನು ನಡೆಸುವವರಿಗೆ ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂಬ ಹೆಸರು ಬಂದಿತು. ದುಡಿಯುವವನಿಗೆ ಸಂದ ಗೌರವವೆಂದು ಇದಕ್ಕೆ ಸಂತೋಷಪಡಬಹುದು. ಆದರೆ ಕೂಲಿ ತಡವಾದಾಗ ‘ಇದು ಕಾಯಕ, ಕೂಲಿಯ ಮಾತೇಕೆ’ ಎಂದು ಯಾರಾದರೂ ನುಡಿದರೆ, ಅಂದಿಗೆ ಜೀತವೆಂಬ ಪದಕ್ಕೆ ಬಂದ ಗತಿ ಇದಕ್ಕೂ ಬಂದಂತೆ. ಈ ಎಚ್ಚರಿಕೆ ಕಾರ್ಖಾನೆಯ ಒಡೆಯರಿಗೆ, ಸಂಸ್ಥೆಗಳನ್ನು ನಡೆಸುವವರಿಗೆ ಎಷ್ಟು ಸಲ್ಲುವುದೋ ನಮ್ಮ ಮಠಗಳಿಗೂ ಅಷ್ಟೇ ಸಲ್ಲುತ್ತದೆ. ಅಡುಗೆಯವನಿಗೂ ಕಸಗುಡಿಸುವವಳಿಗೂ ಸಲ್ಲಬೇಕಾದುದನ್ನು ಸಲ್ಲಿಸದೆ ಅವರ ಬೆವರನ್ನು ಕಾಯಕವೆಂದು ಹೊಗಳಿದರೆ, ಆ ಹೊಗಳಿಕೆ ಬಿಟ್ಟಿಗೆ ಹೊದಿಸಿದ ಶಾಲು. ತನ್ನ ದುಡಿಮೆಯನ್ನು ಕಾಯಕವೆಂದು ಕರೆಯುವ ಅಧಿಕಾರ ದುಡಿಯುವವನದು, ದುಡಿಸಿಕೊಳ್ಳುವವನದಲ್ಲ.

ಆದುದರಿಂದ, ಭಾಷಾಂತರಕ್ಕೆ ಕೈಹಾಕುವ ವಾಚಕರೇ, ‘ವರ್ಕ್’ ಎದುರಾದಾಗ ಮೊದಲು ಬೆವರು ಫಲಗಳ ಲೆಕ್ಕವನ್ನು ಕೇಳಿರಿ. ಉತ್ತರ ಸಾಧಾರಣವಾಗಿದ್ದರೆ ‘ಕೆಲಸ’ ಎಂಬ ನಮ್ಮ ಹಳೆಯ ಪದವೇ ಸಾಕು. ಅದರಲ್ಲಿ ಕೀಳೇನೂ ಇಲ್ಲ. ಶರಣರ ಕಾಯಕವನ್ನು ಇಂಗ್ಲಿಷಿಗೆ ಒಯ್ಯುವಾಗ ಆ ಶಬ್ದವನ್ನೇ ಇಟ್ಟು ಎರಡು ಮಾತಿನಲ್ಲಿ ವಿವರಿಸಿರಿ. ‘ವರ್ಕ್’ ಎಂದು ಬರೆದರೆ ದಾಸೋಹವು ದಾರಿಯಲ್ಲೇ ಕಳಚಿ ಬೀಳುತ್ತದೆ. ಕಲ್ಯಾಣವು ಲೋಕಕ್ಕೆ ಕೊಟ್ಟ ಈ ಒಂದು ಪದವನ್ನು ಸವೆಯದಂತೆ, ಅದರ ತೂಕ ಅರಿತು ಬಳಸುವ ಬುದ್ಧಿ ನಮ್ಮೆಲ್ಲರಿಗೂ ಉಂಟಾಗಲೆಂದು ಹಾರೈಸುತ್ತೇವೆ.