ಎಂಜಿನ್ ನಾಕಿಂಗ್

ಎಂಜಿನ್ ನಾಕಿಂಗ್ ಎಂಬುದು ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಲ್ಲಿರುವ ಇಂಧನ ಮತ್ತು ಗಾಳಿಯ ಮಿಶ್ರಣದ ಒಂದು ಭಾಗವು ತಾನಾಗಿಯೇ ಹೊತ್ತಿಕೊಳ್ಳುವುದರಿಂದ ಉಂಟಾಗುವ ಲೋಹದ ಬಡಿತದಂತಹ ಶಬ್ದವಾಗಿದೆ. ಬೇರಿಂಗ್ ಸವೆತದಿಂದ ಬರುವ ಬಡಿತವನ್ನೂ ವಾಡಿಕೆಯಲ್ಲಿ ಇದೇ ಹೆಸರಿನಿಂದ ಕರೆಯುವುದುಂಟು. ಆದರೆ ಇವೆರಡರ ಕಾರಣ ಮತ್ತು ಪರಿಹಾರಗಳು ಬೇರೆ ಬೇರೆಯಾಗಿವೆ.

ಉಂಟಾಗುವ ಬಗೆ

ಸಾಮಾನ್ಯ ದಹನದಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹುಟ್ಟಿದ ಜ್ವಾಲೆಯು ಮಿಶ್ರಣದಲ್ಲಿ ಕ್ರಮವಾಗಿ ಹರಡುತ್ತದೆ. ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣವು ಒತ್ತಡ ಮತ್ತು ಉಷ್ಣತೆಯಿಂದ ಹೊತ್ತಿಕೊಂಡರೆ ಒತ್ತಡದ ಅಲೆಗಳು ಎದ್ದು ಸಿಲಿಂಡರಿನ ಗೋಡೆಗೆ ಬಡಿಯುತ್ತವೆ. ಏರುದಾರಿಯಲ್ಲಿ ಅಥವಾ ಮೇಲಿನ ಗೇರಿನಲ್ಲಿ ನಿಧಾನವಾಗಿ ಸಾಗುವಾಗ ಈ ಶಬ್ದ ಹೆಚ್ಚು ಕೇಳಿಸುತ್ತದೆ. ಇದು ದೀರ್ಘಕಾಲ ಮುಂದುವರಿದರೆ ಪಿಸ್ಟನ್ ಮತ್ತು ಹೆಡ್ ಗ್ಯಾಸ್ಕೆಟ್‌ಗಳಿಗೆ ಹಾನಿಯಾಗಬಹುದು.

ಹಳೆಯ ವಾಹನಗಳಲ್ಲಿ

ಕಡಿಮೆ ಆಕ್ಟೇನ್ ಸಂಖ್ಯೆಯ ಪೆಟ್ರೋಲ್, ಮುಂಚಿತವಾಗಿ ಕಿಡಿ ಹಾರಿಸುವ ಟೈಮಿಂಗ್, ಎಂಜಿನ್ ಅತಿಯಾಗಿ ಬಿಸಿಯಾಗುವುದು ಮತ್ತು ಗಾಳಿಯ ಪ್ರಮಾಣ ಹೆಚ್ಚಾಗಿರುವ ಮಿಶ್ರಣ ಇದರ ಮುಖ್ಯ ಕಾರಣಗಳು. ಹಳೆಯ ಎಂಜಿನ್‌ಗಳಲ್ಲಿ ಸಂಗ್ರಹವಾದ ಇಂಗಾಲದ ಪದರವು ದಹನ ಕೋಣೆಯ ಗಾತ್ರವನ್ನು ಕುಗ್ಗಿಸಿ ಸಂಪೀಡನ ಅನುಪಾತವನ್ನು ಹೆಚ್ಚಿಸುತ್ತದೆ. ಆಧುನಿಕ ಎಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಬಡಿತವನ್ನು ಗುರುತಿಸಿದಾಗ ನಿಯಂತ್ರಣ ಘಟಕವು ಟೈಮಿಂಗನ್ನು ಹಿಂದೂಡುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ವಾಹನಗಳಲ್ಲಿ ಸಾಮಾನ್ಯವಾಗಿ ಈ ವ್ಯವಸ್ಥೆ ಇರುವುದಿಲ್ಲ.

ಇತರ ಶಬ್ದಗಳು

* ಟ್ಯಾಪೆಟ್ ಶಬ್ದ: ವಾಲ್ವ್ ಅಂತರ ಹೆಚ್ಚಾದಾಗ ಬರುವ ಹಗುರವಾದ ‘ಟಿಕ್ ಟಿಕ್’ ಶಬ್ದ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ವಾಲ್ವ್ ಕ್ರ್ಯಾಂಕ್‌ಶಾಫ್ಟಿನ ಎರಡು ಸುತ್ತಿಗೆ ಒಮ್ಮೆ ತೆರೆಯುವುದರಿಂದ ಇದರ ಲಯ ನಿಧಾನವಾಗಿರುತ್ತದೆ.
* ಪಿಸ್ಟನ್ ಬಡಿತ: ಎಂಜಿನ್ ತಣ್ಣಗಿರುವಾಗ ಕೇಳಿಸಿ, ಬಿಸಿಯಾದಂತೆ ಕಡಿಮೆಯಾಗುತ್ತದೆ.
* ಕನೆಕ್ಟಿಂಗ್ ರಾಡ್ ಬೇರಿಂಗ್ ಬಡಿತ: ವೇಗದೊಂದಿಗೆ ಹೆಚ್ಚುವ ಗಡುಸಾದ ಶಬ್ದ. ಇಂಧನ ಬದಲಿಸಿದರೂ ಇದು ಹೋಗುವುದಿಲ್ಲ.

ಪರಿಹಾರ

ದಹನದ ನಾಕಿಂಗ್ ಇದ್ದಾಗ ಕೆಳಗಿನ ಗೇರಿಗೆ ಬದಲಿಸಿ ಆಕ್ಸಿಲರೇಟರ್ ಸಡಿಲಿಸಿದರೆ ಶಬ್ದ ಕಡಿಮೆಯಾಗುತ್ತದೆ. ನಂತರ ಟೈಮಿಂಗ್ ಸರಿಪಡಿಸುವುದು, ಇಂಗಾಲವನ್ನು ತೆಗೆಯುವುದು ಮತ್ತು ತಯಾರಕರು ಸೂಚಿಸಿದ ಆಕ್ಟೇನ್ ಸಂಖ್ಯೆಯ ಪೆಟ್ರೋಲ್ ಬಳಸುವುದು ವಾಡಿಕೆಯ ಕ್ರಮಗಳು. ಗಡುಸಾದ ಬಡಿತದೊಂದಿಗೆ ಆಯಿಲ್ ಒತ್ತಡದ ದೀಪ ಹೊತ್ತಿಕೊಂಡರೆ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಕೂಡಲೇ ಎಂಜಿನ್ ಆರಿಸಬೇಕು. ಈ ಸ್ಥಿತಿಯಲ್ಲಿ ಓಡಿಸಿದರೆ ಕ್ರ್ಯಾಂಕ್‌ಶಾಫ್ಟ್ ಹಾಳಾಗಬಹುದು ಅಥವಾ ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ಒಡೆಯಬಹುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಸರಿಯಿದ್ದರೂ ಒತ್ತಡ ಇಲ್ಲದಿದ್ದರೆ ವಾಹನವನ್ನು ಎಳೆಸಿಕೊಂಡೇ ಒಯ್ಯಬೇಕು.

ಇತಿಹಾಸ

ಟೆಟ್ರಾಈಥೈಲ್ ಸೀಸವು ನಾಕಿಂಗ್ ತಡೆಯುತ್ತದೆ ಎಂಬುದನ್ನು 1921ರಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ಥಾಮಸ್ ಮಿಡ್ಜ್‌ಲಿ ಕಂಡುಕೊಂಡರು. ಸೀಸವು ವಿಷಕಾರಿಯಾದುದರಿಂದ ಮುಂದೆ ಇದನ್ನು ಕೈಬಿಡಲಾಯಿತು. ಭಾರತದಲ್ಲಿ 2000ನೆಯ ಇಸವಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದಿತು. ಸೀಸದ ಲೇಪವು ವಾಲ್ವ್ ಸೀಟುಗಳನ್ನು ರಕ್ಷಿಸುತ್ತಿದ್ದುದರಿಂದ, ಗಟ್ಟಿ ಸೀಟುಗಳಿಲ್ಲದ ಹಳೆಯ ಎಂಜಿನ್‌ಗಳಲ್ಲಿ ಅವು ಬೇಗ ಸವೆಯುವ ಸಾಧ್ಯತೆ ಇರುತ್ತದೆ.