ಬಾಗಿಲು: ಬಾಗುವುದೋ, ಬಾಯಿಯೋ?

ಬಾಗಿ ಒಳಹೋಗುವುದರಿಂದ ಅದು ಬಾಗಿಲು ಎಂಬ ವಿವರಣೆ ಜನರಲ್ಲಿ ಬಳಕೆಯಲ್ಲಿದೆ. ಹಂಪಿಯಲ್ಲಂತೂ ಇದನ್ನು ನಂಬುವುದು ಸುಲಭ. ಕಮಲಾಪುರದ ಕಡೆಯ ಭೀಮನ ಬಾಗಿಲಿನಲ್ಲಿ ನೇರ ದಾರಿಯೇ ಇಲ್ಲ. ಕಲ್ಲಿನ ಗೋಡೆ ಅಡ್ಡ ನಿಂತು, ಒಳಬರುವವರನ್ನು ತಿರುವು ಹಾಕಿಸುತ್ತದೆ. ನುಗ್ಗಿ ಬರುವ ಶತ್ರುವಿನ ವೇಗ ಮುರಿಯಲು ಮಾಡಿದ ಉಪಾಯ ಅದು. ಆದರೆ ಕೋಟೆಯ ಈ ತಿರುವಿಗೂ ಪದದ ಹುಟ್ಟಿಗೂ ಸಂಬಂಧವಿಲ್ಲ.

ನೆರೆಭಾಷೆಗಳನ್ನು ನೋಡಬೇಕು. ತಮಿಳಿನಲ್ಲಿ ವಾಯಿಲ್, ವಾಸಲ್, ಮಲಯಾಳದಲ್ಲಿ ವಾದಿಲ್, ತೆಲುಗಿನಲ್ಲಿ ವಾಕಿಲಿ, ತುಳುವಿನಲ್ಲಿ ಬಾಕಿಲ್. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುವುದು ವಾಡಿಕೆ: ವಾ–ಬಾ, ವಾೞ್–ಬಾಳ್, ವಾಯ್–ಬಾಯ್. ಹೀಗಾಗಿ ಹಳಗನ್ನಡದ ಬಾಗಿಲ್ ಎಂಬುದರ ಮೊದಲ ಭಾಗ ಬಾಯಿಯೇ. ಎರಡನೆಯದು ಮನೆ, ಎಡೆ ಎಂಬರ್ಥದ ಇಲ್. ತೆಲುಗರು ಇಂದಿಗೂ ಮನೆಗೆ ಇಲ್ಲು ಎನ್ನುತ್ತಾರೆ. ಮನೆಯ ಬಾಯಿ ಬಾಗಿಲು. ಚೀಲಕ್ಕೆ, ಮಡಕೆಗೆ, ಗವಿಗೆ ಬಾಯಿ ಎನ್ನುವವರಿಗೆ ಇದು ವಿಚಿತ್ರವಲ್ಲ.

ತೊಡಕಿರುವುದು ನಡುವಿನ ಗಕಾರದಲ್ಲಿ. ಬಾಯ್ ಮತ್ತು ಇಲ್ ಕೂಡಿದರೆ ಬಾಯಿಲ್ ಆಗಬೇಕಿತ್ತು. ಕನ್ನಡದ ಗಕಾರ, ತೆಲುಗು-ತುಳುಗಳ ಕಕಾರ, ಮಲಯಾಳದ ದಕಾರ, ಇವೆಲ್ಲ ಒಂದೇ ಸಂಧಿಯ ಫಲವೆಂದು ಒಪ್ಪಿಸುವುದು ಕಷ್ಟ. ಆದರೂ ಈ ತೊಡಕು ‘ಬಾಗು’ ಪಕ್ಷಕ್ಕೆ ಬಲ ಕೊಡುವುದಿಲ್ಲ. ತಮಿಳಿನ ವಾಯಿಲ್‌ನಲ್ಲಿ ಬಾಗುವ ಮಾತೇ ಇಲ್ಲವಲ್ಲ!

ಅರ್ಥದಲ್ಲಿ ಮಾತ್ರ ಭಾಷೆಗಳು ಬೇರೆ ಬೇರೆ ದಾರಿ ಹಿಡಿದಿವೆ. ತೆಲುಗಿನ ವಾಕಿಲಿ, ತಮಿಳಿನ ವಾಸಲ್ ಗುಡಿಸಿ ರಂಗೋಲಿ ಇಡುವ ಮುಂದಿನ ಜಾಗಕ್ಕೂ ಸಲ್ಲುತ್ತವೆ. ಕನ್ನಡದಲ್ಲಿ ಅದಕ್ಕೆ ಅಂಗಳ ಎನ್ನಬೇಕು, ಇಲ್ಲವೇ ‘ಬಾಗಿಲ ಮುಂದೆ’ ಎನ್ನಬೇಕು. ಬದಲಿಗೆ ನಮ್ಮ ಬಾಗಿಲು ಕದದತ್ತ ಸರಿದಿದೆ. ‘ಬಾಗಿಲು ಹಾಕು’ ಎಂದರೆ ಹಾಕುವುದು ಕದವನ್ನು. ‘ಬಾಗಿಲಲ್ಲಿ ನಿಲ್ಲಬೇಡ’ ಎಂದರೆ ಬಿಡಬೇಕಾದದ್ದು ದಾರಿಯನ್ನು. ಹಂಪಿಯಲ್ಲಿ ಹಳೆಯ ಅರ್ಥವೇ ಗಟ್ಟಿ. ಕದಗಳಿಲ್ಲದೆಯೂ ಭೀಮನ ಬಾಗಿಲು ಬಾಗಿಲೇ, ಸಿಂಗಾರದ ಹೆಬ್ಬಾಗಿಲು ಹೆಬ್ಬಾಗಿಲೇ.

ಇನ್ನೊಂದು ಅರ್ಥ ಲೆಕ್ಕಪತ್ರದ್ದು. ಹದಿನಾರನೆಯ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ವಿಜಯನಗರದ ಒಂದು ಬಾಗಿಲನ್ನು ವರ್ಷಕ್ಕೆ 12,000 ಪರ್ದಾವು ಎಂಬ ಚಿನ್ನದ ನಾಣ್ಯಗಳಿಗೆ ಗುತ್ತಿಗೆ ಕೊಡುತ್ತಿದ್ದರೆಂದು ಬರೆದಿದ್ದಾನೆ. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಊರವರೂ ಪರದೇಶದವರೂ ಒಳಬರುವಂತಿರಲಿಲ್ಲ. ವಿಜಯನಗರಕ್ಕೂ, ಇಂದಿನ ಹೊಸಪೇಟೆಯೆಂದು ಗುರುತಿಸಲಾದ ನಾಗಲಾಪುರಕ್ಕೂ ಸರಕೆಲ್ಲ ಹೊರಗಿನಿಂದ ಹೇರೆತ್ತಿನ ಮೇಲೆ ಬರಬೇಕಿತ್ತು. ದಿನಕ್ಕೆ 2,000 ಎತ್ತು ಎಂದು ಅವನ ಲೆಕ್ಕ. ಗುತ್ತಿಗೆಗೆ ಹೋದದ್ದು ಕಲ್ಲೂ ಅಲ್ಲ, ಕದವೂ ಅಲ್ಲ, ಆ ಕಿಂಡಿಯಲ್ಲಿ ಹಾಯುವ ಎತ್ತುಗಳ ಸುಂಕ.